ಅಣಸು

ಮೇ ತಿಂಗಳಲ್ಲಿ ಹಿನ್ನೀರು ಸರಿದರೆ
ಬಾಗಲಕೋಟೆಯ ಹಳೇ ಓಣಿಗಳು
ಮೊಳಕಾಲವರೆಗೆ ಎದ್ದು ನಿಲ್ಲುತ್ತವೆ.
ರವಿವಾರ ನಾನು, ಗ್ಯಾನಪ್ಪ
ನೀರಿನ ಆಫೀಸಿನ ಪೈಪು ಹುಡುಕುವ ಯಂತ್ರ ಹೊತ್ತು
ಬಿರಿದ ಎರೆಯ ಮೇಲೆ ನಡೆಯುತ್ತೇವೆ.
ಅದು ಎಲ್ಲಕ್ಕೂ ಕೂಗುತ್ತದೆ: ಮೊಳೆಗೆ, ಚಿಲಕಕ್ಕೆ,
ಸೋಡಾ ಬಾಟಲಿಯ ಮುಚ್ಚಳಕ್ಕೆ,
ಪರಿಹಾರದ ಪಟ್ಟಿಯಲ್ಲಿ ಯಾರೂ ಬರೆಸದ ಚಮಚಕ್ಕೆ.

ಆವತ್ತು ಇದಕ್ಕೆ ಕೂಗಿತು.
ಹೆಬ್ಬೆರಳಿಗಿಂತ ತುಸು ಉದ್ದ, ಹಸಿರುಗಟ್ಟಿದ ಹಿತ್ತಾಳೆ,
ಒಂದು ಕಡೆ ಬಾಯಿ, ಬಾಯಿ ತುಂಬ ಮಣ್ಣು,
ಇನ್ನೊಂದು ಕಡೆ ಮುಚ್ಚಿ, ಮೊಗ್ಗಿನ ಹಾಗೆ ಒಂದು ಗುಬ್ಬಿ.

"ಕೋಡಣಸು," ಅಂದ ಗ್ಯಾನಪ್ಪ,
"ನಮ್ಮಪ್ಪನ ಎತ್ತಿಗೆ ಇದ್ದುವು, ಗೆಜ್ಜಿ ಸುದ್ದಾ."
ಚಹಾದಂಗಡಿಯ ಶಾವಂತ್ರವ್ವ ಸೆರಗಿಗೆ ಒರೆಸಿ
"ಒನಕಿ ಅಣಸು ತಗೋ, ತುದಿ ಸವದೈತಿ ನೋಡು," ಅಂದಳು.
ಬ್ಯಾಂಕಿನಿಂದ ನಿವೃತ್ತರಾದ ಹುದ್ದಾರ ಮಾಸ್ತರು
(ಮಾಸ್ತರರಲ್ಲ, ಎಲ್ಲರೂ ಹಾಗೆ ಕರೆಯುತ್ತಾರೆ)
ಕನ್ನಡಕ ಏರಿಸಿ, "ಸಾಹೇಬರ ಕೊಡೆಯ ತುದಿ."
ಮೂವರೂ ತಮ್ಮ ತಮ್ಮ ಮನೆಯ ಮೂಲೆಯನ್ನೇ ಹೇಳಿದರು.
ನಾನು ಮಾತ್ರ ನನ್ನ ಮನೆಯಲ್ಲಿ ಎಂದೂ ಇರದದ್ದನ್ನು ಬಯಸಿದೆ:
ಕುದುರೆ, ಧೂಳು, ಕೋಟೆಯ ಬಾಗಿಲು, ಸರದಾರನ ಸೊಂಟ.

ನವನಗರದ ಸಂತೆಯಲ್ಲಿ
ಸೈಕಲ್ಲು ತುಳಿದು ಕತ್ತರಿಗೆ ಸಾಣೆ ಹಿಡಿಯುವ
ಲಾಡಲೇಸಾಬ ಸಿಕಲಗಾರ
ಅದನ್ನು ನೋಡಲೇ ಇಲ್ಲ. ಕಿರುಬೆರಳು ಒಳಗಿಟ್ಟ.
ಕಣ್ಣು ಮುಚ್ಚಿದ. ಸಾಣೆಯ ಗಾಲಿ ತಾನೇ ತಿರುಗಿ ನಿಂತಿತು.
"ಕೋಡು ದುಂಡಗ. ಒನಕಿ ದುಂಡಗ. ಕೊಡಿ ದುಂಡಗ.
ಇದರ ಬಾಯಿ ಚಪ್ಪಟಿ ಐತ್ರಿ.
ಮ್ಯಾನಿನ ತಳ ಇದು. ತಹನಾಲ.
ಒರಿಯ ಬಾಯಿಗೆ ಇರೂದು ಮುಹನಾಲ,
ಅದು ನಿಮಗ ಸಿಕ್ಕಿಲ್ಲ."

ತಹನಾಲ. ಮುಹನಾಲ.
ಬೆಲ್ಲದ ಚೂರಿನಂತೆ ಆ ಎರಡು ಮಾತು
ಬಾಯಲ್ಲಿ ತಿರುಗಿಸುತ್ತ ಕೇಳಿದೆ:
"ಯಾವ ಲಡಾಯಿದ್ದು ಚಾಚಾ?"

ಆತ ದಬ್ಬಣದಿಂದ ಮಣ್ಣು ಕೆದರಿದ.
ಕೆಳಗೆ ಕಟ್ಟಿಗೆ. ಕಪ್ಪು, ಹಸಿ, ಇನ್ನೂ ಎಳೆ ಎಳೆ.
ಮೇಲಿನ ಚರ್ಮವನ್ನು ನೀರು ತಿಂದಿತ್ತು.
ದಬ್ಬಣ ಈ ಅಂಚಿನಿಂದ ಆ ಅಂಚಿಗೆ ಹೋಯಿತು,
ಎಲ್ಲೂ ಒಳಗೆ ಇಳಿಯಲಿಲ್ಲ.
"ಗಟ್ಟಿ ಐತಿ. ಅಲಗಿಗೆ ಜಾಗಾನ ಇಲ್ಲ.
ಮ್ಯಾಲೆ ಹಿಡಿಕಿ, ಕೆಳಗ ಒರಿ, ನಡುವ ಕತ್ತಿನ ಇಲ್ಲ.
ಮದುವಿ ಸಾಮಾನ್ರಿ ಇದು. ನಮ್ಮಜ್ಜ ಬಾಡಿಗಿ ಕೊಡತಿದ್ದ,
ದಿನಕ್ಕ ಎರಡಾಣೆ, ರುಮಾಲು ಬ್ಯಾರೆ."

ನನ್ನ ಕುದುರೆ ಅಲ್ಲೇ ಸಂತೆಯ ಸೊಪ್ಪಿನಲ್ಲಿ ಮೇಯತೊಡಗಿತು.

"ಆದ್ರ ಇಲ್ಲಿ ನೋಡ್ರಿ," ಅಂದ. ತುದಿಯ ಒಂದೇ ಮೂಲೆ
ಸವೆದು ಕಾಗದದಷ್ಟು ತೆಳ್ಳಗೆ.
ಒಂದು ಕೋಲನ್ನು ನನ್ನ ನಡುವಿಗೆ ಹಿಡಿದ,
ನೆಲಕ್ಕೂ ಕೋಲಿಗೂ ಗೇಣಿನ ಅಂತರ.
ಈಳಿಗೆಗೆ ಸಾಣೆ ಹಿಡಿಸಲು ಬಂದಿದ್ದ ಹುಡುಗನನ್ನು ಎಳೆದು
ಅವನ ನಡುವಿಗೆ ಹಿಡಿದ.
ಕೋಲು ಮಣ್ಣು ಮುಟ್ಟಿತು, ಹುಡುಗ ನಕ್ಕು ಓಡಿದ,
ಹಿಂದೆ ಒಂದು ಗೆರೆ ಬಿತ್ತು.
"ಇಷ್ಟಿರತಿದ್ರು ಆವಾಗ," ಅಂದ ಲಾಡಲೇಸಾಬ,
"ಮದುಮಕ್ಕಳು."

ರೊಕ್ಕ ತೆಗೆದುಕೊಳ್ಳಲಿಲ್ಲ.
"ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ, ಇದ್ದಂಗ ಇರಲಿ," ಅಂದ.

ಸೋಮವಾರ ಯಂತ್ರ ವಾಪಸು ಇಟ್ಟು
ವಹಿಯಲ್ಲಿ ಬರೆದೆ: ಪೈಪು ಸಿಗಲಿಲ್ಲ.
ಮುಹನಾಲ ಇನ್ನೂ ಎರೆಯೊಳಗಿದೆ,
ಜುಲೈಗೆ ಅದರ ಮೇಲೆ ಮೀನು.

ರಾತ್ರಿ ಮನೆಯ ಮೆಟ್ಟಿಲ ಮೇಲೆ
ಅದನ್ನು ಕಿರುಬೆರಳಿಗೆ ಹಾಕಿ ಎಳೆದು ನೋಡಿದೆ.
ಕಿರ್ ಎಂದು ಒಂದು ಮೆಟ್ಟಿಲು, ಟಿಣ್ ಎಂದು ಇನ್ನೊಂದು:
ನಿದ್ದೆಗಣ್ಣಿನ ಯಾರನ್ನೋ
ದೊಡ್ಡವರು ಕೈ ಹಿಡಿದು
ಬೇಗ, ಬೇಗ, ಮುಹೂರ್ತ ಮೀರುತ್ತದೆ ಎಂದು
ಮೇಲೆ ಕರೆದೊಯ್ದ ಹಾಗೆ.