ಕಣ್ಣು ಬರೆಯುವ ಹೊತ್ತು

ಕಿನ್ನಾಳದ ಆರೋಗ್ಯ ಕೇಂದ್ರಕ್ಕೆ ಬಂದ ವರ್ಷ
ನನ್ನ ಬಳಿ ಇದ್ದದ್ದು ಮೊಣಕಾಲು ತಟ್ಟಿ ನೋಡುವ
ಒಂದು ರಬ್ಬರ್ ಸುತ್ತಿಗೆ, ಎಂಟು ಪ್ರಶ್ನೆ.
ಹೊರಗೆ ಬೆಂಚಿನ ಮೇಲೆ ಅರವತ್ತು ಜನ.

ತಿಮ್ಮೋಜಪ್ಪ ಬಂದು ಕೂತರು.
ಬಲಗೈಯನ್ನು ಎಡಗೈಲಿ ಅದುಮಿ ಹಿಡಿದಿದ್ದರು,
ಸಂತೆಯಿಂದ ತಂದ ಕೋಳಿಯನ್ನು ಹಿಡಿದ ಹಾಗೆ.
ಎಷ್ಟು ದಿನದಿಂದ?
‘ಎರಡ ತಿಂಗಳಾತ್ರಿ.’
ಬರೆದುಕೊಂಡೆ: ಎರಡು ತಿಂಗಳು.
ನಡೆದು ತೋರಿಸಿ ಅಂದೆ. ಒಂದು ಕೈ ಬೀಸುತ್ತ
ಇನ್ನೊಂದನ್ನು ಮರೆತು ನಡೆದರು.
ಹಾಳೆ ಕೊಟ್ಟು, ಒಂದು ಸುರುಳಿ ಬರೆಯಿರಿ ಅಂದೆ.
ಗೆರೆ ಹೊರಗಿನಿಂದ ಒಳಕ್ಕೆ
ನಡುಗುತ್ತ, ಸಣ್ಣಗಾಗುತ್ತ ಹೋಗಿ
ನಡುವೆ ನಿಂತಿತು.
ಪೆನ್ನು ಹಿಂದಕ್ಕೆ ಕೊಡಲಿಲ್ಲ ಅವರು.
ಸುರುಳಿಯ ತುದಿಗೆ ಒಂದು ಹೆಡೆ,
ಹೆಡೆಗೆ ಎರಡು ಚುಕ್ಕಿ.
‘ಕಣ್ಣಿಲ್ಲದ ಜೀವಾನ ಹೊರಗ ಕಳಸಬಾರದ್ರಿ ಬಾಯಾರ.’

ಆ ಚುಕ್ಕಿಗಳಿಗೆ ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

ಲಸಿಕೆ ಲೆಕ್ಕದ ನೆಪ ಮಾಡಿ ಶನಿವಾರ ಅವರ ಮನೆಗೆ ಹೋದೆ.
ಹುಣಸೆಬೀಜದ ಸರಿಯ ಹುಳಿವಾಸನೆ,
ಗೋಣಿನಾರು, ತೂಕವೇ ಇಲ್ಲದ ಕಟ್ಟಿಗೆ,
ಗೋಡೆಗೆ ಮೂರು ಹಲಗೆ ತುಂಬ ಗೊಂಬೆ.
ಮೊದಲ ಹಲಗೆಯ ಗೌರಿಯರ ಹುಬ್ಬು
ಒಂದೇ ಉಸಿರಿನವು.
ಎರಡನೆಯದರಲ್ಲಿ, ನಾಲ್ಕನೇ ಗೌರಿ:
ಹುಬ್ಬು ತುದಿಯಲ್ಲಿ ಒಮ್ಮೆ ಎಡವಿ ಎದ್ದಿದೆ.
ಪಕ್ಕದ ಆನೆಯ ಝೂಲಿನ ಹೂ
ಮಲ್ಲಿಗೆಯಷ್ಟಿದ್ದದ್ದು ಜೋಳದಷ್ಟಾಗಿ
ಬಾಲದ ಹತ್ತಿರ ಸಾಸಿವೆ.
ಅಕ್ಷರ ಕುಗ್ಗುತ್ತವೆ ಎಂದು ಪುಸ್ತಕದಲ್ಲಿ ಓದಿದ್ದೆ.
ಹೂ ಕುಗ್ಗುತ್ತವೆ ಎಂದು ಯಾವ ಪುಟವೂ ಹೇಳಿರಲಿಲ್ಲ.

ಗಂಗಾವತಿಯ ಪಿಯು ಕಾಲೇಜಿನಲ್ಲಿ
ಕನ್ನಡ ಮೇಷ್ಟ್ರು ಒಂದು ಸಾಲನ್ನು ಮೂರು ದಿನ ಓದಿಸುತ್ತಿದ್ದರು.
‘ಸಾಲು ಎಲ್ಲಿ ಉಸರ ಹಾಕೈತಿ, ಅಲ್ಲಿ ನೋಡ್ರಿ.’
ಹಿಂದಿನ ಬೆಂಚಿನಲ್ಲಿ ನಾವು
ಅವರಿಗೆ ಕಾಣದ ಹಾಗೆ ಕಪ್ಪೆಯ ಹೃದಯ ಬಿಡಿಸುತ್ತಿದ್ದೆವು.
ಹನ್ನೊಂದು ವರ್ಷದ ಮೇಲೆ ಈ ನೆಲದ ಮೇಲೆ ಕೂತು
ಅವರ ಪಾಠಕ್ಕೆ ಹಾಜರಿ ಹಾಕಿದೆ.

ಮೂರನೇ ಹಲಗೆಗೆ ಬಂದರೆ ಗೆರೆ ಮತ್ತೆ ನೆಟ್ಟಗೆ!
ಗುಣವಾಗಿತ್ತೇ ನಡುವೆ?
ಚಹಾದ ಬಸಿ ಇಡುತ್ತ ಗಾಳೆವ್ವ ದನಿ ತಗ್ಗಿಸಿದರು.
‘ಅವು ನನ್ನವ್ರಿ. ಐದ ವರ್ಷಾತು.
ಅವರಿಗೆ ಗೊತ್ತಿಲ್ಲಂತ ನಾ ಅನಕೊಂಡೀನಿ,
ನನಗ ಗೊತ್ತಿಲ್ಲಂತ ಅವರು.’

ಎರಡು ತಿಂಗಳು ಎಂಬುದನ್ನು ಹೊಡೆದುಹಾಕಿ
ಅವಧಿಯ ಮುಂದೆ ಬರೆದೆ:
ಎರಡನೇ ಹಲಗೆ, ನಾಲ್ಕನೇ ಗೌರಿಯಿಂದ.
ಬಳ್ಳಾರಿಯಿಂದ ನರರೋಗದ ಡಾಕ್ಟರು ಫೋನು ಮಾಡಿದರು,
ಏನಮ್ಮ ಇದು?
ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.
ಆಮೇಲೆ, ‘ಐದು ವರ್ಷ ಅಂತ ಬರಿ.’
ಅದನ್ನೇ ಬರೆದಿದ್ದೇನೆ ಸರ್, ಅಂದೆ.

ಗುಣವಾಗುವ ರೋಗವಲ್ಲ. ಹೇಳಿದೆ ಅದನ್ನೂ.
ತಲೆಯಾಡಿಸಿದರು; ಅಥವಾ ತಲೆ ತಾನೇ ಆಡಿತು.
ಮೂರು ವಾರ ಬಿಟ್ಟು ಬಂದಾಗ
ಚೀಟಿಯೊಂದಿಗೆ ಒಂದು ತಕರಾರು.
‘ಗುಳಿಗಿ ನುಂಗಿ ಮುಕ್ಕಾಲು ತಾಸಿಗೆ
ಕೈ ಸುಮ್ಮನಾಗತೈತ್ರಿ. ಆಮ್ಯಾಲ ಎರಡ ತಾಸು ನಂದು.
ನೀವು ಉಣ್ಣೂಕಿನ್ನ ಮೊದಲ ಅಂತ ಬರದೀರಿ.
ನಾವು ಉಣ್ಣೂದು ಹನ್ನೆರಡಕ್ಕ.
ಕಣ್ಣು ಬರಿಯೂ ಬೆಳಕು ಅಷ್ಟೊತ್ತಿಗೆ
ಹೊಸ್ತಿಲಾ ದಾಟಿ ಹೋಗಿರತೈತಿ.’

ಎಷ್ಟು ಹೊತ್ತಿಗೆ ಬರುತ್ತದೆ ಬೆಳಕು?
ಇದು ನನ್ನ ಒಂಬತ್ತನೇ ಪ್ರಶ್ನೆ.

ಹಳೆಯದನ್ನು ಹರಿದು ಹೊಸ ಚೀಟಿ ಬರೆದೆ:
ಹೊಸ್ತಿಲಿಗೆ ಬಿಸಿಲು ಬರುವ
ಮುಕ್ಕಾಲು ತಾಸು ಮೊದಲು, ಒಂದು.

ಔಷಧಿ ಕೊಡುವ ತಾಜುದ್ದೀನ್ ಎರಡು ಸಲ ಓದಿ
ಕಿಟಕಿಯಿಂದ ತಲೆ ಹೊರಗೆ ಹಾಕಿದ:
‘ಬ್ಯಾಸಗಿ ಬಿಸಿಲೋ ಮೇಡಂ, ಚಳಿಗಾಲದ್ದೋ?’