ಗಂಜಿನ ಅಳತೆ

ಪಟ್ಟಿಯೊಳಗಿಲ್ಲ ಅಂದರು ಕಚೇರಿಯಲ್ಲಿ.
ಗೋಳಗುಮ್ಮಟಕ್ಕೆ ಟಿಕೇಟು ಉಂಟು,
ನಮ್ಮ ಓಣಿಯ ನೀರಿನ ಗಂಜಿಗೆ ಆಡುಗಳಷ್ಟೇ ಬರುತ್ತವೆ
ಬೆನ್ನು ತಿಕ್ಕಲು.
ರಸ್ತೆ ಅಗಲವಾಗಬೇಕಂತೆ. ಕೆಂಪು ಬಣ್ಣದಲ್ಲಿ
ಅದರ ಎದೆಗೊಂದು ಗುರುತು ಬಳಿದು ಹೋದರು.

ಅರ್ಜಿಯ ನಮೂನೆ ಕೇಳಿತು: ಸುತ್ತಳತೆ, ಎತ್ತರ, ವಯಸ್ಸು.
ದರ್ಜಿ ದಸ್ತಗೀರಸಾಬ ಕೊರಳ ಟೇಪು ಬಿಚ್ಚಿದ:
"ಇಷ್ಟ ದೊಡ್ಡ ಗಿರಾಕಿ ಸಿಕ್ಕಿದ್ದಿಲ್ಲ ಬಿಡ್ರಿ."
ಸೊಂಟಕ್ಕೆ ಹನ್ನೊಂದು ಟೇಪು, ಮ್ಯಾಲೊಂದು ಗೇಣು.
ಏಣಿ ಸಾಲದ ಕಡೆ ಬಂದೇನವಾಜ ಕಲ್ಲು ಹಿಡಿದು ಹತ್ತಿ
ನೆತ್ತಿಯಿಂದ ಪತಂಗದ ದಾರ ಇಳಿಬಿಟ್ಟ.
ಇಳಿದವನಿಗೆ ಅವ್ವನಿಂದ ಎರಡೇಟು.

ವಯಸ್ಸು?
ತೊರವಿ ನೀರು ಇಲ್ಲಿ ದಮ್ಮು ತಗೊಂಡು ಮುಂದೆ ಹರಿಯುತ್ತಿತ್ತು
ಅಂತ ಮೇಷ್ಟರು ಶುರು ಮಾಡಿದರು.
ಗುರುಬಸವ್ವ ಅಂದಳು:
"ನಾ ಸೊಸಿಯಾಗಿ ಬಂದಾಗೂ ಇದು ಮುದುಕನ ಇತ್ತು, ಬರಕೋ."
ಬರೆದೆ.

ಸಹಿ ಹಾಕಲು ಬಾರದವಳು
ಖಾಲಿ ಕಂಡ ಚೌಕದಲ್ಲಿ ಹೆಬ್ಬೆಟ್ಟು ಒತ್ತಿಬಿಟ್ಟಳು.
ಅದು ಮಾಲೀಕರ ಚೌಕ.
ಹೊಸ ನಮೂನೆಗೆ ಮತ್ತೆ ಹತ್ತು ರೂಪಾಯಿ; ಹಾಗೇ ಕೊಟ್ಟೆವು.
ಗುಮಾಸ್ತ ಕನ್ನಡಕ ಏರಿಸಿದ, ಇಳಿಸಿದ,
ಊಟದ ಹೊತ್ತು, ಠಸ್ಸೆ ಹೊಡೆದ.

ಉತ್ತರ ಬಂದಿಲ್ಲ.
ಕೆಂಪು ಗುರುತು ಅರ್ಧ ಆಡಿನ ಬೆನ್ನಿಗೆ ಹೋಗಿದೆ.
ದಸ್ತಗೀರಸಾಬನ ರಸೀತಿ ಪುಸ್ತಕದಲ್ಲಿ, ಮದುವೆಯ ಶೇರವಾನಿಗಳ ನಡುವೆ
'ಗಂಜ್, ಒಂದು. ಕೊಡುವ ತಾರೀಖು' ಎಂಬಲ್ಲಿ ಏನೂ ಇಲ್ಲ.
ಸಂಜೆ ಗುರುಬಸವ್ವ ಕಸಬರಿಗೆ ಹಿಡಿದು ಬರುತ್ತಾಳೆ,
ಬುಡದ ಹಿಕ್ಕೆ ಬಳಿಯುತ್ತ ಬೈಯುತ್ತಾಳೆ:
"ನನ್ನ ಹೆಸರಿಗೆ ಆಗೇತಿ.
ಹೊಲಸ ಇಟ್ಟರ ಮಂದಿ ಏನಂದಾರು?"