ಚಾರ್ಮಾಡಿಯಲ್ಲಿ ರಜೆಯ ದಿನ

ಹನ್ನೊಂದು ವರ್ಷ ಈ ತಿರುವುಗಳಲ್ಲಿ
ನಿಂತೇ ಚಿಲ್ಲರೆ ಎಣಿಸಿದವನು ನಾನು.
ಎಡಕ್ಕೆ ವಾಲಿದರೆ ಜಲಪಾತ,
ಬಲಕ್ಕೆ ವಾಲಿದರೆ ಯಾರದೋ ವಾಂತಿ.

ಕೊಟ್ಟಿಗೆಹಾರದಿಂದ ಘಾಟಿ ಇಳಿದು
ಮತ್ತೆ ಹತ್ತಬೇಕು ಇವತ್ತು.
ಹೆಗಲಿಗೆ ಬ್ಯಾಗಿಲ್ಲ, ಬಾಯಿಗೆ ಸೀಟಿಯಿಲ್ಲ,
ಎದೆಗೆ ಪಿನ್ನು ಚುಚ್ಚಿದ ನಂಬರು.

ಇಳಿಯುವಾಗ ಹಗುರ. ಕೆಳಗಿನ ಕಡಲು
ಕಾಣದಿದ್ದರೂ ಬೆವರಿಗೆ ಗೊತ್ತಾಗುತ್ತದೆ.
ಹತ್ತುವಾಗ, ಮೂವತ್ತೊಂದನೇ ಕಿಲೋಮೀಟರಿಗೆ
ಮೀನಖಂಡ ಕಲ್ಲಾಯಿತು.
ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನಂತೆ
ತಡೆಗೋಡೆಗೆ ಒರಗಿ ನಿಂತೆ.
'ಕಮಾನ್ ಅಂಕಲ್' ಅಂದು ದಾಟಿದರು ಹುಡುಗರು.

ನಮ್ಮದೇ ಡಿಪೋ ಬಸ್ಸು ಪಕ್ಕಕ್ಕೆ ಬಂದು ನಿಧಾನಿಸಿತು.
ಲಾರೆನ್ಸ್ ಕತ್ತು ಹೊರಹಾಕಿ,
'ಹತ್ತೋ ಸುಂದ್ರೇಶ, ಯಾರಿಗೂ ಹೇಳಲ್ಲ!'
ಬಾಗಿಲು ತೆರೆದೇ ಇತ್ತು.

ತಗಡಿನ ಮೈಗೆ ಎರಡು ಸಲ ತಟ್ಟಿದೆ:
ರೈಟ್, ರೈಟ್.

ಅದು ಹೋಯಿತು.
ಕಾಲು ಇನ್ನೂ ಅಲ್ಲೇ.